ಸಭೆ ಬಂದರೆ ಊರಿಗೇನು?

ವ್ಯಾಪಾರಸ್ಥರ ಸಮ್ಮೇಳನಗಳೂ ವಸ್ತುಪ್ರದರ್ಶನಗಳೂ ಯಾವ ಊರನ್ನು ಹುಡುಕಿಕೊಂಡು ಬರುತ್ತವೆ? ಈ ಪ್ರಶ್ನೆ ಎತ್ತಿದೊಡನೆ ಅಧಿಕಾರಸ್ಥರು ದೊಡ್ಡ ಸಭಾಂಗಣವನ್ನೂ ಪಂಚತಾರಾ ಹೋಟೆಲನ್ನೂ ತೋರಿಸುತ್ತಾರೆ. ಅವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಅಷ್ಟೇ ಸಾಲದೆಂಬುದಕ್ಕೆ ಬೆಂಗಳೂರೇ ಸಾಕ್ಷಿ.

ತುಮಕೂರು ರಸ್ತೆಯ ಮಾದಾವರದಲ್ಲಿ ಯಂತ್ರೋಪಕರಣ ತಯಾರಕರ ಸಂಘವು 2007ರಲ್ಲಿ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರವನ್ನು ತೆರೆಯಿತು. ಇಮ್ಟೆಕ್ಸ್ ಯಂತ್ರ ಪ್ರದರ್ಶನಕ್ಕೆ ದೇಶವಿದೇಶಗಳ ತಯಾರಕರು ಅಲ್ಲಿಗೆ ಬರುತ್ತಾರೆ. ಗೋಡೆಯ ಬಣ್ಣ ನೋಡಲು ಯಾರೂ ಬರುವುದಿಲ್ಲ. 1953ರಲ್ಲಿ ಎಚ್.ಎಂ.ಟಿ. ಹುಟ್ಟಿದ ಆ ನಗರದಲ್ಲಿ ಲೇತಿನ ಮುಂದೆ ನಿಂತು ಕೈ ಪಳಗಿದ ಕೆಲಸಗಾರರ ತಲೆಮಾರುಗಳೇ ಬೆಳೆದವು. ಪಕ್ಕದ ಪೀಣ್ಯದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳಿವೆ. ಕೊಳ್ಳುವವರೂ ಕೆಲಸ ಬಲ್ಲವರೂ ಇದ್ದಲ್ಲಿ ಸಂತೆ ಕೂಡುತ್ತದೆ. ಹಾಗಾಗಿ ಆ ಊರಿನ ಮೊದಲ ಬಂಡವಾಳ ದುಡಿಯುವವರ ಕೌಶಲವೇ ಆಗಿದೆ.

ಆ ಮಾದಾವರಕ್ಕೆ ಮೆಟ್ರೋ ರೈಲು ಬಂದದ್ದು 2024ರ ನವೆಂಬರಿನಲ್ಲಿ, 17 ವರ್ಷಗಳ ಮೇಲೆ! ಇಂದು ಅದೇ ರೈಲಿನಲ್ಲಿ ಪ್ರದರ್ಶನ ನೋಡುವವರೂ ಹೋಗುತ್ತಾರೆ, ಪಾಳಿಗೆ ಹೊರಟವರೂ ಹೋಗುತ್ತಾರೆ. ಅತಿಥಿಗೂ ಊರಿನವರಿಗೂ ಒದಗುವ ಇಂತಹ ಏರ್ಪಾಡು ಮೊದಲೇ ಆಗಬೇಕಾಗಿತ್ತು.

ಇದಕ್ಕೆ ವಿರುದ್ಧವಾದ ದಾರಿಯನ್ನು ದೆಹಲಿಯಲ್ಲಿ ಕಂಡೆವು. 2023ರ ಸೆಪ್ಟೆಂಬರಿನಲ್ಲಿ ಭಾರತ್ ಮಂಡಪಂನಲ್ಲಿ ಜಿ-20 ಶೃಂಗಸಭೆ ನಡೆದಾಗ, 8ರಿಂದ 10ನೇ ತಾರೀಖಿನವರೆಗೆ ಹೊಸದೆಹಲಿ ಜಿಲ್ಲೆಯ ಅಂಗಡಿಗಳ ಬಾಗಿಲು ಮುಚ್ಚಿಸಲಾಯಿತು. ಕೊಳೆಗೇರಿಗಳ ಮುಂದೆ ಹಸಿರು ಪರದೆ ಕಟ್ಟಲಾಯಿತು. ರಾಷ್ಟ್ರನಾಯಕರಿಗೆ ರಕ್ಷಣೆ ಬೇಕು, ಒಪ್ಪೋಣ. ಆದರೆ ದಿನದ ಗಿರಾಕಿಯನ್ನೇ ನಂಬಿದ ಅಂಗಡಿಯವನಿಗೆ ಮೂರು ದಿನದ ನಷ್ಟವನ್ನು ಕಟ್ಟಿಕೊಡುವವರಾರು? ಪರದೆಯ ಹಿಂದಿನ ಗುಡಿಸಲಿಗೆ ಆ ಸಭೆಯಿಂದ ಬಂದುದೇನು?

ಜಿಲ್ಲಾ ಪಟ್ಟಣಗಳಲ್ಲಿಯೂ ಸಮ್ಮೇಳನ ಭವನದ ಮಾತು ಎದ್ದಾಗ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಒಟ್ಟಾಗಿ ಕೇಳಬೇಕಾದ ಪ್ರಶ್ನೆಗಳಿವೆ. ಊರಿಗೆ ನಿತ್ಯವೂ ನೀರು ಬರುವುದೇ? ನಿಲ್ದಾಣದಿಂದ ಭವನಕ್ಕೆ ರಾತ್ರಿಯಲ್ಲಿಯೂ ಬಸ್ಸುಂಟೇ? ಸಾಧಾರಣ ದರದ ವಸತಿಗೃಹಗಳೂ ಶುಚಿಯಾದ ಶೌಚಾಲಯಗಳೂ ಇವೆಯೇ? ಅಲ್ಲಿ ಗುಡಿಸುವ, ಬಡಿಸುವ, ಹೊರೆ ಹೊರುವ ಜನಕ್ಕೆ ಕಾನೂನಿನ ಕನಿಷ್ಠ ಕೂಲಿ ಸಿಕ್ಕುವುದೇ? ಊಟ, ಶಾಮಿಯಾನ, ಮುದ್ರಣದ ಕೆಲಸ ಊರಿನ ಸಣ್ಣವರಿಗೆ ದೊರೆಯುವುದೇ, ಅಥವಾ ಎಲ್ಲವೂ ಒಬ್ಬನೇ ಗುತ್ತಿಗೆದಾರನ ಪಾಲೇ?

ಇವಕ್ಕೆ ಲಿಖಿತ ಉತ್ತರ ದೊರೆಯುವ ತನಕ ಜನರ ತೆರಿಗೆಯ ಹಣದಲ್ಲಿ ಒಂದು ಕಲ್ಲನ್ನೂ ನೆಡಕೂಡದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.