ಅಳತೆಗೋಲು ಬದಲಾಯಿತು, ಆರನೇ ತರಗತಿ ಬದಲಾಯಿತೇ?

2024ರ ಮಾರ್ಚ್‌ನಲ್ಲಿ ಕರ್ನಾಟಕದ ಐದು, ಎಂಟು ಮತ್ತು ಒಂಬತ್ತನೇ ತರಗತಿಗಳ ಮಂಡಳಿ ಪರೀಕ್ಷೆಯನ್ನು ಹೈಕೋರ್ಟ್‌ನ ಏಕಸದಸ್ಯ ಪೀಠ ರದ್ದು ಮಾಡಿತು. ಮರುದಿನವೇ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ನೀಡಿತು. ಮಕ್ಕಳು ಪರೀಕ್ಷೆ ಬರೆಯಲು ಆರಂಭಿಸಿದ ಮೇಲೆ ಸುಪ್ರೀಂ ಕೋರ್ಟ್‌ ಅದನ್ನು ನಿಲ್ಲಿಸಿತು. ವಿಭಾಗೀಯ ಪೀಠದ ಒಪ್ಪಿಗೆ ಸಿಕ್ಕ ನಂತರ ಉಳಿದ ವಿಷಯಗಳ ಪರೀಕ್ಷೆ ಮುಗಿಯಿತಾದರೂ, ಫಲಿತಾಂಶ ಪ್ರಕಟಿಸಬಾರದೆಂದು ಏಪ್ರಿಲ್‌ನಲ್ಲಿ ಮತ್ತೆ ಸುಪ್ರೀಂ ಕೋರ್ಟ್‌ನ ಆದೇಶ ಬಂತು. ಇಷ್ಟೆಲ್ಲ ವಾದ ನಡೆದದ್ದು ಪರೀಕ್ಷೆ ನಡೆಸುವ ಅಧಿಕಾರ ಯಾರದು, ಅದಕ್ಕೆ ನಿಯಮ ರೂಪಿಸುವ ವಿಧಾನ ಯಾವುದು ಎಂಬುದರ ಮೇಲೆ. ಎಂಟನೇ ತರಗತಿಯ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬ ಪ್ರಶ್ನೆಯನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ.

ಕಲಿಕೆಯ ಮಾನದಂಡಗಳು ನಮಗೆ ಹೊಸವಲ್ಲ. 1991ರಲ್ಲೇ ‘ಕನಿಷ್ಠ ಕಲಿಕಾ ಮಟ್ಟ’ ಬಂದಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ತಂದಿತು. 2017ರಲ್ಲಿ ‘ಕಲಿಕಾ ಫಲ’ಗಳು ನಿಯಮಗಳ ಒಳಗೇ ಸೇರಿದವು. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆರರಿಂದ ಎಂಟನೇ ತರಗತಿಯನ್ನು ಪ್ರತ್ಯೇಕ ಹಂತವೆಂದು ಗುರುತಿಸಿ, ಸಾಮರ್ಥ್ಯಗಳನ್ನು ಪಟ್ಟಿ ಮಾಡಿತು. ಹೆಸರುಗಳು ಬದಲಾದಷ್ಟು ವೇಗವಾಗಿ ತರಗತಿ ಬದಲಾಗಲಿಲ್ಲ.

ಮಾನದಂಡ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅನುಭವ ನಮ್ಮ ಮುಂದಿದೆ. ‘ಕಾಮನ್‌ ಕೋರ್’ ಮಾನದಂಡಗಳನ್ನು ಆಧರಿಸಿ ನ್ಯೂಯಾರ್ಕ್‌ ರಾಜ್ಯ 2013ರಲ್ಲಿ ಮೂರರಿಂದ ಎಂಟನೇ ತರಗತಿಯ ಮಕ್ಕಳಿಗೆ ಹೊಸ ಪರೀಕ್ಷೆ ನಡೆಸಿತು. ಹಿಂದಿನ ವರ್ಷ ಗಣಿತದಲ್ಲಿ ನಿಗದಿತ ಮಟ್ಟ ತಲುಪಿದ್ದ ಮಕ್ಕಳು ಶೇ 65ರಷ್ಟಿದ್ದರೆ, ಆ ವರ್ಷ ಶೇ 31ಕ್ಕೆ ಇಳಿದರು. ಭಾಷೆಯಲ್ಲಿ ಶೇ 55ರಷ್ಟಿದ್ದದ್ದೂ ಶೇ 31ಕ್ಕೇ ಬಂತು. ಒಂದೇ ವರ್ಷದಲ್ಲಿ ಅಷ್ಟು ಮಕ್ಕಳು ದಡ್ಡರಾಗಿರಲು ಸಾಧ್ಯವಿಲ್ಲ. ಪ್ರಶ್ನೆ ಬದಲಾಗಿತ್ತು, ಉತ್ತೀರ್ಣತೆಯ ಗೆರೆ ಮೇಲೇರಿತ್ತು. ಅದಕ್ಕೂ ಒಂದು ವರ್ಷ ಮೊದಲು, ಇದೇ ಮಾನದಂಡಗಳ ಮೇಲೆ ಪರೀಕ್ಷೆ ನಡೆಸಿದ ಕೆಂಟಕಿ ರಾಜ್ಯದಲ್ಲೂ ಅಂಕಗಳು ಕುಸಿದಿದ್ದವು. ಆದರೆ ಅಲ್ಲಿನ ಶಿಕ್ಷಣ ಇಲಾಖೆ, ಅಂಕ ಇಳಿಯುತ್ತದೆ, ಗಾಬರಿಯಾಗಬೇಡಿ ಎಂದು ಪೋಷಕರಿಗೆ ಮೊದಲೇ ಹೇಳಿತ್ತು. ನ್ಯೂಯಾರ್ಕ್‌ ಇದೇ ಅಂಕಗಳನ್ನು ಶಿಕ್ಷಕರ ಮೌಲ್ಯಮಾಪನಕ್ಕೂ ಜೋಡಿಸಿತು. 2015ರ ಹೊತ್ತಿಗೆ ಪರೀಕ್ಷೆ ಬರೆಯಬೇಕಿದ್ದ ಮಕ್ಕಳಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಗೈರಾಯಿತು, ಪೋಷಕರೇ ಮುಂದೆ ನಿಂತು ಬಿಡಿಸಿದ್ದರು. ಮಾನದಂಡದ ಗುಣಾವಗುಣದ ಚರ್ಚೆ ಅಲ್ಲಿ ಆ ಸಿಟ್ಟಿನಲ್ಲಿ ಮುಳುಗಿಹೋಯಿತು.

ನಮ್ಮ ಎಸ್‌ಎಸ್‌ಎಲ್‌ಸಿಯಲ್ಲಿ ಆದದ್ದೂ ಹತ್ತಿರಹತ್ತಿರ ಇದೇ. 2023ರಲ್ಲಿ ಶೇ 83.89ರಷ್ಟಿದ್ದ ಫಲಿತಾಂಶ, ನಕಲು ತಡೆಯಲು ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್‌ ಬಂದ 2024ರಲ್ಲಿ ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಕೃಪಾಂಕದ ಆ ಏರಿಕೆಯನ್ನು ಕೈಬಿಟ್ಟ 2025ರ ಮೊದಲ ಪರೀಕ್ಷೆಯಲ್ಲಿ ಶೇ 62.34 ಬಂತು. ಕುಸಿತ ಎಂದು ಕೂಗು ಎದ್ದಿತು, ಜಿಲ್ಲೆಗಳ ಸ್ಥಾನಪಟ್ಟಿ ಹಿಡಿದು ಅಧಿಕಾರಿಗಳಿಗೆ ನೋಟಿಸ್‌ ಕೊಡುವ ಮಾತು ನಡೆಯಿತು. ನನ್ನ ದೃಷ್ಟಿಯಲ್ಲಿ ಅದು ಮಕ್ಕಳ ಕುಸಿತವಲ್ಲ, ಬಹಳ ವರ್ಷ ಮುಚ್ಚಿದ್ದ ಸತ್ಯ ಹೊರಬಿದ್ದದ್ದು. ಆದರೆ ಅದು ಹೊರಬಿದ್ದದ್ದು ಹತ್ತನೇ ತರಗತಿಯಲ್ಲಿ, ಮಗುವಿಗೆ ಹಿಂದಕ್ಕೆ ಹೋಗಿ ಕಲಿಯಲು ಸಮಯವೇ ಉಳಿಯದ ಜಾಗದಲ್ಲಿ. ಕೊರತೆ ಬೆಳೆದದ್ದು ಅದಕ್ಕೂ ಹಿಂದೆ, ಹಿರಿಯ ಪ್ರಾಥಮಿಕದ ಮೂರು ವರ್ಷಗಳಲ್ಲಿ. 2022ರ ‘ಅಸರ್’ ಸಮೀಕ್ಷೆಯಂತೆ, ದೇಶದ ಗ್ರಾಮೀಣ ಭಾಗದಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲ ಎಂಟನೇ ತರಗತಿಯ ಮಕ್ಕಳು ಶೇ 44.7 ಮಾತ್ರ. ಎರಡನೇ ತರಗತಿಯ ಪಠ್ಯವನ್ನು ಓದಲಾರದವರು ಹತ್ತರಲ್ಲಿ ಮೂವರು.

ಹೊಸ ಮಾನದಂಡ ಕೇಳುವುದೇನು ಎಂಬುದನ್ನು ಭಿನ್ನರಾಶಿಯ ಪಾಠದಲ್ಲಿ ನೋಡಬಹುದು. 1978ರಲ್ಲಿ ಅಮೆರಿಕದ ರಾಷ್ಟ್ರೀಯ ಮೌಲ್ಯಮಾಪನದಲ್ಲಿ 13 ವರ್ಷದ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟಿದ್ದರು: 12/13 ಮತ್ತು 7/8 ಕೂಡಿಸಿದರೆ ಉತ್ತರ ಸುಮಾರು ಎಷ್ಟು, 1, 2, 19, 21 ಇವುಗಳಲ್ಲಿ ಆರಿಸಿ. ಎರಡೂ ಒಂದಕ್ಕೆ ತೀರಾ ಹತ್ತಿರ ಇರುವುದರಿಂದ ಉತ್ತರ 2 ಎಂದು ಲೆಕ್ಕ ಮಾಡದೆಯೇ ಹೇಳಬಹುದು. ಹಾಗೆ ಹೇಳಿದವರು ಶೇ 24. ಅರ್ಧಕ್ಕಿಂತ ಹೆಚ್ಚು ಮಕ್ಕಳು 19 ಅಥವಾ 21 ಎಂದರು. ಮೇಲಿನ ಅಂಕಿಗಳನ್ನು ಕೂಡಿದರೆ 19, ಕೆಳಗಿನವನ್ನು ಕೂಡಿದರೆ 21! ಲ.ಸಾ.ಅ. ತೆಗೆದು ಕೂಡುವ ಕ್ರಮವನ್ನು ಬಾಯಿಪಾಠ ಮಾಡಿದ ನಮ್ಮ ಏಳನೇ ತರಗತಿಯ ಮಗುವೂ ಇಲ್ಲಿ ಎಡವಬಹುದು. ಅದಕ್ಕೆ ಕ್ರಮ ಗೊತ್ತು, 7/8 ಎಂದರೆ ಎಷ್ಟು ಎಂಬ ಅಂದಾಜು ಇಲ್ಲ. ಹಳೆಯ ಪ್ರಶ್ನೆಪತ್ರಿಕೆ ಆ ಮಗುವಿಗೆ ಪೂರ್ಣ ಅಂಕ ಕೊಡುತ್ತಿತ್ತು, ಸಾಮರ್ಥ್ಯ ಆಧಾರಿತ ಪ್ರಶ್ನೆ ಸೊನ್ನೆ ಕೊಡುತ್ತದೆ. ಆ ಸೊನ್ನೆ ಮಗುವಿನ ಮೇಲಿನ ತೀರ್ಪಾಗಬಾರದು. ಮುಂದಿನ ಸೋಮವಾರ ಎಲ್ಲಿಂದ ಪಾಠ ಶುರು ಮಾಡಬೇಕೆಂದು ಶಿಕ್ಷಕಿಗೆ ಅದು ತಿಳಿಸಬೇಕು.

ಈಗಿನ ವ್ಯವಸ್ಥೆಯಲ್ಲಿ ಅದು ತಿಳಿಯುವುದಿಲ್ಲ. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ (ಎಫ್‌ಎ), ಎರಡು ಸಂಕಲನಾತ್ಮಕ ಮೌಲ್ಯಮಾಪನ (ಎಸ್‌ಎ). ಎಲ್ಲದರ ಅಂಕ ಗ್ರೇಡ್‌ ಆಗಿ ವಿದ್ಯಾರ್ಥಿಗಳ ಸಾಧನೆ ದಾಖಲಿಸುವ ಇಲಾಖೆಯ ಎಸ್‌ಎಟಿಎಸ್‌ ಜಾಲತಾಣಕ್ಕೆ ಹೋಗುತ್ತದೆ. ಮಗು ಮಾಡಿದ ತಪ್ಪು ಯಾವ ಬಗೆಯದು ಎಂಬುದು ಉತ್ತರಪತ್ರಿಕೆಯಲ್ಲೇ ಉಳಿಯುತ್ತದೆ. ಕೆಳಗಿನ ತರಗತಿಗಳಿಗೆ ‘ನಲಿ–ಕಲಿ’ ಇದೆ. 1995ರಲ್ಲಿ ಎಚ್‌.ಡಿ. ಕೋಟೆಯಲ್ಲಿ ಮೊಳೆತ ಆ ಪದ್ಧತಿ ಪ್ರತಿ ಮಗು ಯಾವ ಮೆಟ್ಟಿಲಲ್ಲಿದೆ ಎಂದು ಶಿಕ್ಷಕರಿಗೆ ತೋರಿಸುತ್ತದೆ. ಹತ್ತನೇ ತರಗತಿಗೆ ವಿಶೇಷ ತರಗತಿ, ಸರಣಿ ಪರೀಕ್ಷೆ, ಅಧಿಕಾರಿಗಳ ಭೇಟಿ ಎಲ್ಲ ಇವೆ. ನಡುವಿನ ಮೂರು ವರ್ಷಕ್ಕೆ ಆ ಗಮನ ಸಿಕ್ಕಿಲ್ಲ. ಆರರಿಂದ ಎಂಟಕ್ಕೆಂದೇ ಪದವೀಧರ ಶಿಕ್ಷಕರ 15 ಸಾವಿರ ಹುದ್ದೆಗಳಿಗೆ 2022ರಲ್ಲಿ ಪರೀಕ್ಷೆ ನಡೆಯಿತು, ತಕರಾರು ಕೋರ್ಟ್‌ ಹತ್ತಿ ನೇಮಕಾತಿ ವರ್ಷ ದಾಟಿತು. ಅಲ್ಲಿಯವರೆಗೆ ಕಾದ ಮಗು ಒಂದು ತರಗತಿ ಮುಂದೆ ಹೋಗಿತ್ತು, ಗಣಿತ ಹಿಂದೆಯೇ ಉಳಿದಿತ್ತು.

ಕೇಂದ್ರವು 2024ರ ಡಿಸೆಂಬರ್‌ನಲ್ಲಿ ನಿಯಮ ತಿದ್ದಿ, ಐದು ಮತ್ತು ಎಂಟನೇ ತರಗತಿಯಲ್ಲಿ ಮರುಪರೀಕ್ಷೆಯಲ್ಲೂ ಸೋತ ಮಗುವನ್ನು ಅದೇ ತರಗತಿಯಲ್ಲಿ ಉಳಿಸಲು ದಾರಿ ಮಾಡಿದೆ. ರಾಜ್ಯದ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿ ಎಂಟು ವರ್ಷದ ಪ್ರಾಥಮಿಕ ಶಿಕ್ಷಣವನ್ನು ಒಂದೇ ಘಟ್ಟವಾಗಿ ಕಾಣುತ್ತದೆ. ಘಟ್ಟಗಳನ್ನು ಹೇಗೆ ಕತ್ತರಿಸಿದರೂ ಆರನೇ ತರಗತಿಗೆ ಬರುವ ಮಗು ಅದೇ. ಫೇಲು ಮಾಡುವುದರಿಂದ ಅದರ ಕಲಿಕೆ ಸರಿಹೋಗುತ್ತದೆ ಎಂದು ನಾನು ನಂಬುವುದಿಲ್ಲ. ಏನನ್ನೂ ಅಳೆಯದೆ ಮುಂದೆ ಕಳಿಸುವುದೂ ಆ ಮಗುವಿಗೆ ಮಾಡುವ ಅನ್ಯಾಯವೇ.

ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ಹೊಸ ಕಾನೂನು ಬೇಡ. ಆರನೇ ತರಗತಿಗೆ ಮಗು ಬಂದ ಜೂನ್‌ನಲ್ಲೇ ಓದು, ಬರಹ, ಭಾಗಾಕಾರ, ಭಿನ್ನರಾಶಿಯ ಕೆಲವೇ ಪ್ರಶ್ನೆಗಳನ್ನು ಕೊಟ್ಟು, ಉತ್ತರದ ಜತೆಗೆ ತಪ್ಪಿನ ಬಗೆಯನ್ನೂ ಶಿಕ್ಷಕರು ಬರೆದಿಟ್ಟುಕೊಳ್ಳಲಿ. ಅದೇ ಮಟ್ಟದ ಪ್ರಶ್ನೆಗಳನ್ನು ಎಂಟು ಮುಗಿಯುವವರೆಗೆ ಪ್ರತಿ ವರ್ಷ ಕೊಟ್ಟರೆ ಶಾಲೆಯ ಪ್ರಗತಿ ಅದರದೇ ಮಕ್ಕಳ ಲೆಕ್ಕದಲ್ಲಿ ಕಾಣುತ್ತದೆ. ಆ ದಾಖಲೆ ಶಾಲೆಯಲ್ಲಿರಲಿ, ಪೋಷಕರ ಸಭೆಯಲ್ಲಿ ಪೋಷಕರಿಗೆ ಸಿಗಲಿ, ಜಿಲ್ಲಾ ಸ್ಥಾನಪಟ್ಟಿಗೆ ಹೋಗದಿರಲಿ. ಅದನ್ನು ಓದಿ ಪಾಠ ಬದಲಿಸಲು ಶಿಕ್ಷಕರಿಗೆ ವಾರಕ್ಕೆ ಎರಡು ಅವಧಿಯನ್ನು ವೇಳಾಪಟ್ಟಿಯಲ್ಲೇ ಬಿಟ್ಟುಕೊಡಬೇಕು. ಸಮೀಕ್ಷೆ, ಚುನಾವಣೆಯಂಥ ಕೆಲಸಗಳಿಗೆ ಮೊದಲು ಕರೆ ಬರುವುದು ಇದೇ ಶಿಕ್ಷಕರಿಗೆ. ಆ ಎರಡು ಅವಧಿಗಳನ್ನು ಉಳಿಸಿಕೊಡುವ ಆದೇಶ ಇಲಾಖೆಯಿಂದ ಈ ವರ್ಷವೇ ಹೊರಡಬಹುದು.