ಹೂಹಕ್ಕಿಗೆ ಯಾವ ಪಾತ್ರೆ?

ಈ ಸಂಚಿಕೆಯನ್ನು ಹೊರಡಿಸುವ ಸಂದರ್ಭದಲ್ಲಿ ಹಳೆ ವಿದ್ಯಾರ್ಥಿನಿಯರ ಕೂಟದಲ್ಲಿ ಒಂದು ಸೂಚನೆಯು ಬಂದಿತು. ಅದೇನಂದರೆ, ಶಾಲೆಯ ಜಗಲಿಯ ಉದ್ದಕ್ಕೂ ಸಕ್ಕರೆನೀರಿನ ಬಾಟ್ಲಿಗಳನ್ನು ತೂಗಹಾಕಿ ಹೂಹಕ್ಕಿಗಳಿಗೆ ಉಣಿಸುವ ಏರ್ಪಾಡನ್ನು ನಾವೆಲ್ಲರೂ ಕೂಡಿ ಕಾಣಿಕೆಯಾಗಿ ಕೊಡಬೇಕೆಂಬದು. ಪೇಟೆಯಲ್ಲಿ ದೊರೆಯುವ ಕೆಂಪು ಪ್ಲಾಸ್ಟಿಕ್ ಹೂವುಳ್ಳ ಬಾಟ್ಲಿಗಳೇ ಸಾಕೆಂದು ಕೆಲವರು ಹೇಳಿದರು. ಬಾಳಿಕೆ ಬರಬೇಕಾದರೆ ಹಿತ್ತಾಳೆಯದಾಗಲಿ, ಕೊಟ್ಟವರ ಹೆಸರನ್ನೂ ಕೊರೆಯಿಸಬಹುದು ಎಂದು ಬೇರೆ ಕೆಲವರು ಹೇಳಿದರು. ನಮ್ಮ ಊರಿನ ಮಣ್ಣಿಗಿಂತ ಉತ್ತಮವಾದದ್ದು ಯಾವದಿದೆ ಎಂದವರೂ ಇದ್ದರು. ಕಡೆಗೆ ಯಾವ ಪದಾರ್ಥದ ಪಾತ್ರೆಯು ಯೋಗ್ಯವೆಂಬದನ್ನು ವಿಚಾರಿಸಿ ಬರೆಯುವ ಭಾರವು ನಮ್ಮ ಮೇಲೆ ಬಿದ್ದಿತು. ವಿಚಾರಿಸಿದೆವು. ನಮ್ಮ ಅಭಿಪ್ರಾಯವು ಆ ಮೂರು ಪಕ್ಷದವರಿಗೂ ಪೂರಾ ಹಿಡಿಸಲಾರದೆಂದು ಮೊದಲೇ ಹೇಳಿಬಿಡುತ್ತೇವೆ.

ಈ ಬಾಟ್ಲಿಯ ಮೂಲ ಎಲ್ಲಿಯದು? ಅಮೆರಿಕ ಖಂಡಗಳಲ್ಲಿ ಹಮ್ಮಿಂಗ್ ಬರ್ಡ್ ಎಂಬ ಅತಿ ಸಣ್ಣ ಹಕ್ಕಿಗಳುಂಟು. ಸುಮಾರು 360 ಜಾತಿಗಳು. ಒಂದಾದರೂ ಆ ಖಂಡಗಳ ಹೊರಗೆ ಇಲ್ಲ. ಅವು ಹೂವಿನ ಮುಂದೆ ಗಾಳಿಯಲ್ಲಿಯೇ ನಿಂತು, ರೆಕ್ಕೆಗಳನ್ನು ಕಣ್ಣಿಗೆ ಕಾಣದಷ್ಟು ವೇಗದಿಂದ ಬಡಿಯುತ್ತಾ ಮಕರಂದವನ್ನು ಹೀರುತ್ತವೆ. ಅವುಗಳಲ್ಲಿ ಕೆಂಪು ಕೊರಳಿನ ಒಂದು ಜಾತಿಯು, ಮೂರು ಗ್ರಾಮು ತೂಗುವ ದೇಹವನ್ನು ಹೊತ್ತುಕೊಂಡು, ಮೆಕ್ಸಿಕೋ ಕೊಲ್ಲಿಯ ಸುಮಾರು 800 ಕಿಲೋಮೀಟರ್ ನೀರನ್ನು ದಾಟುವದು. ಅಂಥ ಪ್ರಯಾಣಿಕರಿಗೆ ಅಲ್ಲಿಯ ಜನರು ಹಿತ್ತಿಲಲ್ಲಿ ಸಕ್ಕರೆನೀರನ್ನು ಇಡುವದು ಒಂದು ವಿಧದ ಅರವಟ್ಟಿಗೆಯೇ ಸರಿ. ಆ ಬಾಟ್ಲಿಯೇ ಚಿತ್ರಗಳ ಮೂಲಕ ನಮ್ಮ ಪೇಟೆಗೂ ಬಂದಿದೆ.

ನಮ್ಮಲ್ಲಿರುವದು ಹಮ್ಮಿಂಗ್ ಬರ್ಡ್ ಅಲ್ಲ, ಸೂರಕ್ಕಿ. ನೋಟದಲ್ಲಿ ಹೋಲುವದಾದರೂ ಇವೆರಡಕ್ಕೂ ನಂಟಿಲ್ಲ. ನಮ್ಮದು ಸಾಮಾನ್ಯವಾಗಿ ಕೊಂಬೆಯ ಮೇಲೆ ಕುಳಿತುಕೊಂಡೇ ಹೂವಿಗೆ ಕೊಕ್ಕು ಹಾಕುವದು. ಸಿದ್ದಾಪುರದ ಯಾವ ಹಿತ್ತಿಲಲ್ಲಿಯಾದರೂ ಬೆಳಿಗ್ಗೆ ಅರ್ಧ ಗಳಿಗೆ ನಿಂತರೆ ಹಳದಿ ಹೊಟ್ಟೆಯ ಸಣ್ಣ ಸೂರಕ್ಕಿಯನ್ನು ಕಾಣದೆ ಇರಲಾರಿರಿ. ಉದ್ದವಾದ ಬಾಗಿದ ಕೊಕ್ಕಿನದೊಂದುಂಟು. 1752ರಿಂದ 1757ರ ವರೆಗೆ ಸಿಂಹಳದ ಡಚ್ ಗವರ್ನರನಾಗಿದ್ದ ಲೋಟನ್ ಎಂಬವನ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಕಡುಗೆಂಪು ಬೆನ್ನಿನ ಮತ್ತೊಂದುಂಟು. ಇದು ನಮ್ಮ ಹೆಬ್ಬೆರಳಿಗಿಂತ ಅಷ್ಟೇನೂ ದೊಡ್ಡದಲ್ಲ. ಪಶ್ಚಿಮ ಘಟ್ಟದ ಸೀಮೆಯಲ್ಲಲ್ಲದೆ ಲೋಕದ ಬೇರೆ ಯಾವ ಭಾಗದಲ್ಲಿಯೂ ಇಲ್ಲ. ಬಾಳೆಬರೆ ಘಾಟಿಯ ಬುಡದಲ್ಲಿ ವಾಸಿಸುವ ನಾವು ಇದನ್ನು ದಿನವೂ ಕಾಣುತ್ತೇವೆ, ಕಾಣುವದರಿಂದಲೇ ಗಣಿಸುವದಿಲ್ಲ.

ಈಗ ಪಾತ್ರೆಯ ವಿಷಯ. ನಮ್ಮ ಅಡಿಗೆಮನೆಯಲ್ಲಿ ಅಜ್ಜಿಯಂದಿರು ಕಲಿಸಿದ್ದನ್ನು ನೆನಪುಮಾಡಿಕೊಂಡರೆ ಅರ್ಧ ಉತ್ತರವು ಅಲ್ಲಿಯೇ ಸಿಕ್ಕುವದು. ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಲ್ಲಿ ಹುಣಿಸೆಹುಳಿಯ ಸಾರನ್ನು ಯಾವ ಗೃಹಿಣಿಯೂ ಇಡಳು. ಇಟ್ಟರೆ ಕಿಲುಬು ಏಳುವದು, ಉಂಡವರಿಗೆ ವಾಂತಿಯಾಗುವದು. ಸಕ್ಕರೆನೀರು ಸಿಹಿಯಲ್ಲವೇ, ಹುಳಿ ಎಲ್ಲಿಂದ ಬಂತು ಎಂದು ಕೇಳುವಿರಾ? ನಮ್ಮ ಕರಾವಳಿಯ ಸೆಕೆಯಲ್ಲಿ ಮುಂಜಾನೆ ಇಳಿಸಿದ ಕಳ್ಳು ಸಂಜೆಯೊಳಗೆ ಏನಾಗುವದೆಂಬದನ್ನು ನಾವು ಕುಡಿದು ತಿಳಿಯಬೇಕಾಗಿಲ್ಲ; ದಾರಿಯಲ್ಲಿ ಹೋಗುವಾಗ ಮೂಗೇ ಹೇಳುವದು. ಬಾಟ್ಲಿಯ ಸಕ್ಕರೆನೀರಿಗೂ ಅದೇ ಗತಿ. ಗಾಳಿಯಿಂದಲೂ ಹಕ್ಕಿಯ ಕೊಕ್ಕಿನಿಂದಲೂ ಬಂದು ಸೇರುವ ಹುದುಗುಜೀವಿಗಳು ಅದನ್ನು ಮೊದಲು ಮದ್ಯವನ್ನಾಗಿಯೂ ಆಮೇಲೆ ಹುಳಿಯನ್ನಾಗಿಯೂ ಮಾಡುವವು. ಪಾನನಿರೋಧವನ್ನು ಬೋಧಿಸಿದ ಶಾಲೆಯ ಜಗಲಿಯಲ್ಲಿ ಹಕ್ಕಿಗಳಿಗೆ ಕಳ್ಳಿನಂಗಡಿಯನ್ನು ತೆರೆಯುವದು ಚಂದವೋ? ಇದು ವಿನೋದದ ಮಾತು. ಆದರೆ ಹುಳಿತ ನೀರು ಹಿತ್ತಾಳೆಯನ್ನೂ ತಾಮ್ರವನ್ನೂ ತಿನ್ನುವದು, ಸತುವಿನ ಲೇಪವುಳ್ಳ ತಗಡಿನಿಂದ ಸತುವನ್ನು ಬಿಡಿಸುವದು ವಿನೋದವಲ್ಲ. ಹೆಸರು ಕೊರೆದ ಹಿತ್ತಾಳೆಯ ಪಾತ್ರೆಯನ್ನು ನಾವು ಒಪ್ಪುವದಿಲ್ಲ. ಕೊಡುವವರ ಹೆಸರು ಹಕ್ಕಿಗೆ ಓದಲಿಕ್ಕೂ ಬಾರದು.

ಪ್ಲಾಸ್ಟಿಕಿನ ವಿಷಯದಲ್ಲಿ ನಾವು ಕೇಳಿದ್ದನ್ನಲ್ಲ, ಕಂಡದ್ದನ್ನು ಹೇಳುತ್ತೇವೆ. ಒಂದು ಬೇಸಿಗೆಯಲ್ಲಿ ನಾವೇ ಅಂಥ ಕೆಂಪು ಬಾಟ್ಲಿಯೊಂದನ್ನು ತಂದು ಜಗಲಿಯ ಅಡ್ಡಕ್ಕೆ ಕಟ್ಟಿದೆವು. ಸೂರಕ್ಕಿಯು ನಾಲ್ಕು ದಿನ ತಿರುಗಿಯೂ ನೋಡಲಿಲ್ಲ; ಐದನೆಯ ದಿನ ಬಂತು. ನಮ್ಮ ಹಿಗ್ಗಿಗೆ ಮೇರೆಯಿರಲಿಲ್ಲ. ಹತ್ತು ದಿನಗಳೊಳಗೆ ಚಿಗಳಿ ಇರುವೆಗಳು ಸಾಲುಗಟ್ಟಿದವು. ಹಗ್ಗಕ್ಕೆ ಎಣ್ಣೆಯನ್ನು ಸವರಿದೆವು. ಅದು ತಪ್ಪೆಂದು ಆಮೇಲೆ ತಿಳಿಯಿತು, ಯಾಕಂದರೆ ಎಣ್ಣೆಯು ಗರಿಗೆ ತಾಗಿದರೆ ಹಕ್ಕಿಯು ತನ್ನ ಪುಕ್ಕವನ್ನು ಓರಣಮಾಡಿಕೊಳ್ಳಲಾರದು. ಮೇ ತಿಂಗಳ ಬಿಸಿಲಿಗೆ ಪ್ಲಾಸ್ಟಿಕು ಬಿರಿಯಿತು. ಆ ಸಣ್ಣ ಬಿರುಕುಗಳಲ್ಲಿ ಕಪ್ಪು ಬೂಸಲು ಕುಳಿತದ್ದು ಎಷ್ಟು ತಿಕ್ಕಿದರೂ ಹೋಗಲಿಲ್ಲ. ಕೆಂಪು ಬಣ್ಣದ ಹೊರಗಿನಿಂದ ಒಳಗಣ ಕೊಳೆಯು ಕಾಣಲೂ ಇಲ್ಲ. ಆ ನಡುವೆ ಮೂರು ದಿನಗಳ ಮಟ್ಟಿಗೆ ನಾವು ಪರಊರಿಗೆ ಹೋಗಿದ್ದೆವು. ಬಂದು ನೋಡಿದಾಗ ಬಾಟ್ಲಿಯ ಕೆಳಗೆ ಒಂದು ಹೆಣ್ಣು ಸೂರಕ್ಕಿಯು ಸತ್ತು ಬಿದ್ದಿತ್ತು. ಆ ನೀರಿನಿಂದಲೇ ಸತ್ತಿತೆಂದು ನಾವು ಆಣೆಯಿಡಲಾರೆವು. ಆದರೆ ನೀರನ್ನು ಮೂಸಿ ನೋಡಿದೆವು. ಆ ದಿನವೇ ಬಾಟ್ಲಿಯನ್ನು ಕಿತ್ತುಹಾಕಿದೆವು. ಜಗಲಿಯ ಮೂಲೆಯ ತಂತಿಗೆ ಅದರ ಗೂಡು ತೂಗುತ್ತಿತ್ತು. ಜೇಡರ ಬಲೆಯಿಂದ ಹೆಣೆದು, ತೊಗಟೆಯ ಚೂರುಗಳನ್ನು ಅಂಟಿಸಿ, ಬಾಗಿಲ ಮೇಲೆ ಸಣ್ಣ ಮಾಡನ್ನೂ ಇಳಿಬಿಟ್ಟ ಗೂಡು. ಆ ವರ್ಷ ಅದರಿಂದ ಮರಿ ಹಾರಲಿಲ್ಲ.

ದೂರದ ದೇಶಗಳಲ್ಲಿ ಆದದ್ದು ಇನ್ನೂ ದೊಡ್ಡದು. ಬ್ರಿಟನಿನಲ್ಲಿ 2005ರಿಂದೀಚೆಗೆ ಹಿತ್ತಿಲುಗಳಲ್ಲಿ ಕಾಳು ನೀರು ಇಡುವ ತಾಣಗಳಿಂದ ಗಂಟಲಿನ ರೋಗವೊಂದು ಹರಡಿ ಗ್ರೀನ್‌ಫಿಂಚ್ ಎಂಬ ಹಕ್ಕಿಯ ಸಂಖ್ಯೆಯು ಬಹಳವಾಗಿ ಕುಗ್ಗಿತು. ಇಟ್ಟವರೆಲ್ಲರೂ ಪ್ರೀತಿಯಿಂದಲೇ ಇಟ್ಟಿದ್ದರು.

ಹಾಗಾದರೆ ಮಣ್ಣೇ ಸರಿಯೆಂದು ಮೂರನೆಯ ಪಕ್ಷದವರು ಸಂತೋಷಪಡಬಹುದು. ಅದಕ್ಕೂ ಒಂದು ತಡೆಯುಂಟು. ನಾವು ಮಣ್ಣಿನ ಬಟ್ಟಲಿಗಾಗಿ ಕುಂಬಾರರ ಮನೆಗೆ ಹೋಗಿ ನಮ್ಮ ಉದ್ದೇಶವನ್ನು ತಿಳಿಸಿದಾಗ, ಅಲ್ಲಿಯ ವೃದ್ಧೆಯು ನಕ್ಕು, “ನೀರಿಗಾರೆ ಅಡ್ಡಿಲ್ಲೆ ಅಮ್ಮಾ, ಸಕ್ರಿನೀರ್ ಹಾಕುಕೆ ಇದಾತಿಲ್ಲೆ” ಎಂದಳು. ನಾವು ಪುಸ್ತಕಗಳಲ್ಲಿ ಹುಡುಕಿದ್ದೆಲ್ಲವೂ ಆ ಒಂದು ಮಾತಿನಲ್ಲಿ ಅಡಗಿತ್ತು. ಸುಟ್ಟ ಮಣ್ಣಿಗೆ ಸಣ್ಣ ಸಣ್ಣ ರಂಧ್ರಗಳುಂಟು. ನೀರು ಅವುಗಳ ಮೂಲಕ ಹೊರಗೆ ಒಸರಿ ಆವಿಯಾಗುವದರಿಂದಲೇ ಪಾತ್ರೆಯು ತಣ್ಣಗಿರುವದು. ಹೂಜಿಯ ಗುಟ್ಟೂ ಇದೇ. ಆದರೆ ಅದೇ ರಂಧ್ರಗಳೊಳಗೆ ಸಕ್ಕರೆಯು ಹೊಕ್ಕರೆ ತೊಳೆದು ತೆಗೆಯುವದು ಅಸಾಧ್ಯವು. ಬೂಸಲು ಅಲ್ಲಿ ಮನೆಮಾಡುವದು. ಮೆರುಗು ಹಚ್ಚಿದ ಬಣ್ಣದ ಮಣ್ಣುಪಾತ್ರೆಯನ್ನು ಕೊಳ್ಳೋಣವೇ ಎಂದರೆ, ಕೆಲವು ಮೆರುಗುಗಳಲ್ಲಿ ಸೀಸವಿರುವದು, ಹುಳಿಗೆ ಅದು ಬಿಟ್ಟುಕೊಳ್ಳುವದು. ಇಂತಿರಲು ನೀರಿಗೆ ಮಣ್ಣು, ಸಿಹಿಗೆ ಗಾಜು ಎಂಬದೇ ನಮ್ಮ ನಿರ್ಣಯ. ಗಾಜು ಹುಳಿಗೆ ಕರಗದು, ಕುದಿನೀರಿನಲ್ಲಿ ತೊಳೆಯಬಹುದು, ಒಳಗಿನ ಕೊಳೆಯನ್ನು ಮುಚ್ಚಿಡದು. ಒಡೆಯುವದೊಂದೇ ಅದರ ದೋಷ. ತೆಂಗಿನ ಗೆರಟೆಯೂ ಅಡಕೆಯ ಹಾಳೆಯೂ ಬೇಸಿಗೆಯಲ್ಲಿ ನಾಲ್ಕು ದಿನಕ್ಕೆ ಆಗುವವು, ಮತ್ತೆ ಒಲೆಗೆ ಹಾಕಿದರಾಯಿತು. ಮಳೆಗಾಲದಲ್ಲಿ ಅವುಗಳ ಮೇಲೆಯೇ ಅಣಬೆ ಏಳುವದು.

ಗಾಜಿನ ಬಾಟ್ಲಿಯನ್ನು ಇಟ್ಟೇ ತೀರುತ್ತೇವೆಂಬವರಿಗೆ ಸಂಕ್ಷೇಪವಾಗಿ ಹೇಳುತ್ತೇವೆ. ಒಂದು ಪಾಲು ಬಿಳಿ ಸಕ್ಕರೆಗೆ ನಾಲ್ಕು ಪಾಲು ನೀರು. ಬೆಲ್ಲವೂ ಬೇಡ, ಜೇನೂ ಬೇಡ, ಬಣ್ಣವಂತೂ ಬೇಡವೇ ಬೇಡ. ನಮ್ಮ ಸೆಕೆಯಲ್ಲಿ ದಿನಾಲೂ ಚೆಲ್ಲಿ ಬಿಸಿನೀರಿನಿಂದ ತೊಳೆಯಬೇಕು. ಅಡಿಗೆಮನೆಯ ಕಪಾಟಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುವಂತೆ, ಬಾಟ್ಲಿಯ ಮೇಲ್ಗಡೆ ಸಣ್ಣ ನೀರಿನ ಬಟ್ಟಲನ್ನು ಕೋದರೆ ಇರುವೆಯು ದಾಟಲಾರದು. ಈ ಕೆಲಸವನ್ನು ಒಂದು ದಿನವೂ ತಪ್ಪಿಸದೆ ಮಾಡುವವರು ಯಾರು? ಬೇಸಿಗೆಯ ರಜೆಯಲ್ಲಿ ಶಾಲೆಗೆ ಬೀಗ ಬಿದ್ದಿರುವಾಗ ಯಾರು? ಕಾಣಿಕೆಯನ್ನು ಕೊಡುವದು ಒಂದು ದಿನದ ಸಂಭ್ರಮ. ಬಾಟ್ಲಿಯನ್ನು ತೊಳೆಯುವದು ಸಂಬಳವಿಲ್ಲದ ನಿತ್ಯದ ಉದ್ಯೋಗ. ಕಡೆಗೆ ಅದು ಜವಾನಳ ತಲೆಯ ಮೇಲೆ ಬೀಳುವದೆಂಬದು ನಮಗೆಲ್ಲರಿಗೂ ಗೊತ್ತು.

ನೀರಿನ ವಿಷಯದಲ್ಲಿ ನಮಗೆ ಇಷ್ಟು ಅಂಜಿಕೆಯಿಲ್ಲ. 2010ರಿಂದ ಪ್ರತಿವರ್ಷ ಮಾರ್ಚ್ 20ರಂದು ಗುಬ್ಬಿಗಳ ದಿನವನ್ನು ಆಚರಿಸುತ್ತಾ ಬಂದಿದ್ದಾರೆ. ಆ ದಿನ ಅನೇಕ ಊರುಗಳಲ್ಲಿ ಮಣ್ಣಿನ ಬಟ್ಟಲುಗಳನ್ನು ಹಂಚುವದುಂಟು. ಗುಬ್ಬಿಗಳ ಬೆಲೆಯನ್ನು ಕುರಿತು ನಮ್ಮ ಕರ್ತನು ಆಡಿದ ಮಾತನ್ನು ಬಾಲ್ಯದಿಂದ ಕೇಳಿ ಬಂದ ನಮಗೆ ಈ ಪದ್ಧತಿಯು ಹಿತವಾಗಿಯೇ ಕಾಣುವದು. ಎರಡು ಬೆರಳಿನಷ್ಟು ಮಾತ್ರ ಆಳವಿರುವ ಅಗಲವಾದ ಬಟ್ಟಲು ಬೇಕು. ನಡುವೆ ಒಡೆದ ಹಂಚಿನ ತುಂಡನ್ನು ಇಟ್ಟರೆ ಸಣ್ಣ ಹಕ್ಕಿಗೂ ಜೇನುನೊಣಕ್ಕೂ ಕಾಲೂರಲಿಕ್ಕೆ ತಾವಾಗುವದು. 1865ರಲ್ಲಿ ಬಾಸೆಲ್ ಮಿಶನಿನ ಪ್ಲೆಬ್ಸ್ಟ್ ಎಂಬವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ನಮ್ಮ ಜಿಲ್ಲೆಯಲ್ಲಿ ಒಡೆದ ಹಂಚಿಗೆ ಬರಗಾಲವೆಂಬದಿಲ್ಲ. ಎರಡು ದಿನಕ್ಕೊಮ್ಮೆ ನೀರನ್ನು ಚೆಲ್ಲಿ, ತೆಂಗಿನ ನಾರಿನಿಂದ ಒಳಗಣ ಗೋಡೆಯನ್ನು ತಿಕ್ಕಬೇಕು. ಬರೇ ಚೆಲ್ಲಿದರೆ ಸಾಲದು, ಯಾಕಂದರೆ ಡೆಂಗಿಯನ್ನು ತರುವ ಸೊಳ್ಳೆಯ ಮೊಟ್ಟೆಯು ಪಾತ್ರೆಯ ಗೋಡೆಗೆ ಅಂಟಿಕೊಂಡಿರುವದು. ಮಳೆ ಹಿಡಿದೊಡನೆ ಬಟ್ಟಲುಗಳನ್ನು ಕವುಚಿ ಇಡಬಹುದು. ನಮ್ಮ ಊರಿನ ಮಳೆಯಲ್ಲಿ ಹಕ್ಕಿಗೆ ನೀರನ್ನು ಇಡುವದು ವಾರಾಹಿಗೆ ಚೊಂಬಿನಿಂದ ನೀರು ಹೊಯ್ದಂತೆ.

ಇನ್ನು ಮಕರಂದವನ್ನು ತುಂಬುವ ಪಾತ್ರೆಯೆಂದರೆ ನಿಜವಾಗಿ ಯಾವದು? ದಿನವೂ ತಾನೇ ತುಂಬಿಕೊಂಡು, ತಾನೇ ಬಾಡಿ ಉದುರಿ, ಯಾರೂ ತೊಳೆಯಬೇಕಾಗಿಲ್ಲದೆ ಇರುವ ಪಾತ್ರೆಯು ನಮ್ಮ ಶಾಲೆಯ ಉತ್ತರದ ಬೇಲಿಯಲ್ಲಿ ಸಾವಿರಗಟ್ಟಲೆ ಉಂಟು. ಅಲ್ಲಿ ಕೇಪಳವೂ ದಾಸವಾಳವೂ ಹೆಣೆದುಕೊಂಡಿವೆ. ಮೂಲೆಯಲ್ಲಿ ಒಂದು ಹಾಲವಾಣದ ಮರವಿದೆ. ಅದರಾಚೆಗೆ ಬಾಳೆಯ ಹಿಂಡು. ಹಳೆಯ ಮಾವಿನ ಮರಕ್ಕೆ ಬಂದಳಿಕೆಯು ಹಿಡಿದಿರುವದನ್ನು ನಾವು ರೋಗವೆಂದು ಬಯ್ಯುತ್ತೇವೆ. ಸೂರಕ್ಕಿಗಾದರೋ ಅದು ತೆರೆದಿಟ್ಟ ಭಂಡಾರವು. ಅಷ್ಟೇ ಅಲ್ಲ. ಸೂರಕ್ಕಿಯು ತನ್ನ ಮರಿಗಳನ್ನು ಸಕ್ಕರೆಯಿಂದ ಸಾಕುವದಿಲ್ಲ, ಹುಳುಗಳನ್ನೂ ಜೇಡಗಳನ್ನೂ ತಂದು ಉಣಿಸುವದು. ಬಾಟ್ಲಿಯಲ್ಲಿ ಜೇಡವಿಲ್ಲ, ಬೇಲಿಯಲ್ಲುಂಟು. ಗೂಡನ್ನು ಹೆಣೆಯುವ ನೂಲೂ ಅಲ್ಲಿಯದೇ.

ಈ ಬೇಲಿಯನ್ನು ಕಡಿದು ಸಿಮೆಂಟಿನ ಕಾಂಪೌಂಡು ಗೋಡೆಯನ್ನು ಕಟ್ಟಿಸಬೇಕೆಂಬ ಆಲೋಚನೆಯು ಇದೇ ವರ್ಷ ನಡೆದಿದೆ. ಹುಡುಗಿಯರ ಶಾಲೆಗೆ ಭದ್ರತೆಯು ಬೇಕು; ದನಗಳು ನುಗ್ಗುತ್ತವೆ; ಬೇಲಿಯಲ್ಲಿ ಹಾವು ಕಂಡದ್ದೂ ಸುಳ್ಳಲ್ಲ. ಈ ಮಾತುಗಳನ್ನು ನಾವು ಹಗುರವಾಗಿ ಎಣಿಸುವದಿಲ್ಲ. ನಮ್ಮ ಮಗಳೂ ಇಲ್ಲಿಯೇ ಓದಿದವಳು. ಆದರೆ ರಸ್ತೆಯ ಕಡೆಗೆ ಗೋಡೆಯನ್ನು ಕಟ್ಟಿ, ಉತ್ತರದ ಕಡೆಯಲ್ಲಿ ಬೇಲಿಯ ಹೊರಗಿನಿಂದ ತಂತಿಯನ್ನು ಎಳೆದು, ಬುಡವನ್ನು ಚೊಕ್ಕಟವಾಗಿ ಸವರಿಸಿದರೆ ಇವೆರಡೂ ನಡೆಯಲಾರವೋ? ಊರಿನಲ್ಲಿ ಹಿತ್ತಿಲಿಗೆ ಹಿತ್ತಿಲು ಗೋಡೆಯಾಗುತ್ತಾ ಬಂದಿರುವದು. ಗುಡ್ಡಗಳಿಗೆ ರಬ್ಬರು ಏರಿರುವದು. ಬೇಲಿಯನ್ನು ಕಡಿದ ಕೈಯಿಂದಲೇ ಗೋಡೆಯ ಮೇಲೆ ಸಕ್ಕರೆನೀರಿನ ಬಾಟ್ಲಿಯನ್ನು ಕಟ್ಟುವದು, ಮನೆಯೊಡತಿಯನ್ನು ಹೊರಗೆ ಹಾಕಿ ಬಾಗಿಲಲ್ಲಿ ಗಂಜಿ ಹೊಯ್ದಂತಾಗುವದು.

ಆದಕಾರಣ ಕೂಟದವರಲ್ಲಿ ನಮ್ಮ ಬೇಡಿಕೆಯು ಇಷ್ಟು. ಬಾಟ್ಲಿಗಳಿಗಾಗಿ ಕೂಡಿಸುವ ಹಣವು ಉತ್ತರದ ತಂತಿಗೆ ಸಲ್ಲಲಿ. ಉಳಿದದ್ದರಲ್ಲಿ ಕುಂಬಾರರಿಂದ ಒಂದು ಡಜನು ಬಟ್ಟಲುಗಳನ್ನು ಕೊಳ್ಳಲಿ. ಆಡಳಿತ ಮಂಡಳಿಯವರು ಗೋಡೆಯ ಅಳತೆಯನ್ನು ತೆಗೆಯಿಸುವ ಮೊದಲು ನಮ್ಮಲ್ಲಿ ನಾಲ್ವರು ಹೋಗಿ ಅವರನ್ನು ಕಾಣಬೇಕು. ಆ ನಾಲ್ವರಲ್ಲಿ ಒಬ್ಬರಾಗಿ ಬರಲಿಕ್ಕೆ ನಾವು ಸಿದ್ಧರಿದ್ದೇವೆ. ದಾಸವಾಳದ ಕಡ್ಡಿಯು ಜೂನಿನ ಮೊದಲ ಮಳೆಗೆ ಊರಿದರೆ ಸುಲಭವಾಗಿ ಹಿಡಿಯುವದು. ಬೇಲಿಯಲ್ಲಿ ಪಶ್ಚಿಮದ ತುದಿಯಿಂದ ಆರೇಳು ಮಾರು ದೂರ ಬರೇ ಖಾಲಿಯಿದೆ. ಕಡ್ಡಿಗಳನ್ನು ತರುವವರು ಒಂದು ಗೇಣು ಉದ್ದಕ್ಕೆ ಓರೆಯಾಗಿ ಕತ್ತರಿಸಿ, ಬುಡವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರಲಿ. ಒಂಟಿ ಎಸಳಿನ ಕೆಂಪು ದಾಸವಾಳವೇ ಆಗಲಿ, ಯಾಕಂದರೆ ಎಸಳು ಒತ್ತಾಗಿರುವ ಜಾತಿಯಲ್ಲಿ ಹಕ್ಕಿಯ ಕೊಕ್ಕಿಗೆ ದಾರಿಯು ಸಿಕ್ಕುವದು ಕಷ್ಟ.