ಉಸಿರಿಗೇ ಬಿದ್ದ ಪೆಟ್ಟು

ಕಾರ್ಕಳದ ನಂದಳಿಕೆಯಲ್ಲಿ ಹುಟ್ಟಿ, ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ಮುದ್ದಣ ಕವಿ 1901ರಲ್ಲಿ ಕ್ಷಯಕ್ಕೆ ಬಲಿಯಾದಾಗ ಅವರ ವಯಸ್ಸು 31. ಈಚೆಗೆ ಅತ್ತ ಹೋದಾಗ, ಅದೇ ರೋಗ ಕಾಡಿದ ಮತ್ತೊಬ್ಬ ಕನ್ನಡಿಗರು ನಮಗೆ ನೆನಪಾದರು.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ, ನಮ್ಮ ಸಮಾಜದವರೇ ಆದ ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿಮಠ ಅವರನ್ನು ಲೋಕವು ಕುಮಾರ ಗಂಧರ್ವರೆಂದು ಬಲ್ಲುದು. ಬಾಲ್ಯದಲ್ಲಿಯೇ ಸಭೆಗಳನ್ನು ಬೆರಗುಗೊಳಿಸಿದ ಕಂಠ, ಮುಂಬಯಿಯಲ್ಲಿ ಬಿ.ಆರ್. ದೇವಧರರ ಶಿಷ್ಯತ್ವ. ಕೀರ್ತಿಯು ಏರುತ್ತಿದ್ದಾಗಲೇ ಕ್ಷಯ! 1948ರಲ್ಲಿ ಒಣಹವೆಯನ್ನು ಅರಸಿ ಇಂದಿನ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಹಾಡಕೂಡದೆಂದು ವೈದ್ಯರ ಅಪ್ಪಣೆ.

ಗ್ರೀಕರ ದುರಂತ ನಾಟಕದಲ್ಲಿ ನಾಯಕನ ಪತನಕ್ಕೆ ಅವನದೇ ತಪ್ಪು ಕಾರಣ. ಇಲ್ಲಿ ಅಂಥ ತಪ್ಪನ್ನು ಹುಡುಕುವುದು ಅನ್ಯಾಯವೆಂದೇ ನಮ್ಮ ಭಾವನೆ. ಆದರೆ ಹಿರಿಮೆಯಿದ್ದೆಡೆಯಲ್ಲಿಯೇ ಪೆಟ್ಟು ಬೀಳುವುದೂ ಆ ನಾಟಕಗಳ ಕ್ರಮ. ಈ ಗಾಯಕರಿಗೆ ಅದು ಬಿದ್ದದ್ದು ಉಸಿರಿಗೇ.

ಹಾಸಿಗೆಯಲ್ಲಿ ಮಲಗಿದ್ದವರ ಕಿವಿಗೆ ಮಾಳವದ ಜನಪದರ ಹಾಡು ಬೀಳುತ್ತಿತ್ತು. ಆ ಧಾಟಿಗಳಿಂದಲೇ ಮುಂದೆ ಹೊಸ ರಾಗಗಳು ಹುಟ್ಟಿದವು. ಮುದ್ದಣರ ಕಾಲದಲ್ಲಿಲ್ಲದ ಸ್ಟ್ರೆಪ್ಟೊಮೈಸಿನ್ ಇವರಿಗೆ ದೊರೆಯಿತು. ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾದರೂ 1953ರಲ್ಲಿ ಮತ್ತೆ ವೇದಿಕೆಯನ್ನೇರಿದರು. ದೀರ್ಘ ತಾನಗಳ ಬದಲು ಮಿಂಚಿನಂಥ ಚಿಕ್ಕ ಸ್ವರಗುಚ್ಛಗಳು, ನಡುನಡುವೆ ಮೌನ. ಸಂಪ್ರದಾಯಭಂಗವೆಂದು ಆಕ್ಷೇಪಿಸಿದವರೂ ಉಂಟು. ಕಬೀರರ ನಿರ್ಗುಣ ಪದಗಳನ್ನು ಅವರ ಕಂಠದಲ್ಲಿ ಆಲಿಸಿದ ನಾವಂತೂ ಹಾಗೆನ್ನಲಾರೆವು.

ಆದರೆ ನಾಟಕ ಅಲ್ಲಿಗೆ ಮುಗಿಯಲಿಲ್ಲ. ಶಾಲೆಯಲ್ಲಿ ದುಡಿಯುತ್ತ, ಶುಶ್ರೂಷೆ ಮಾಡಿ ಪತಿಯನ್ನು ಉಳಿಸಿಕೊಂಡ ಭಾನುಮತಿಯವರು 1961ರಲ್ಲಿ ಹೆರಿಗೆಯ ಸಮಯದಲ್ಲಿ ತೀರಿಕೊಂಡರು. ಮುಂದೆ ವಸುಂಧರಾ ಅವರು ಬಾಳಿನಲ್ಲೂ ಗಾಯನದಲ್ಲೂ ಜೊತೆಯಾದರು. ಗಂಧರ್ವರು ಇನ್ನೂ 30 ವರ್ಷ ಹಾಡಿ, 1992ರ ಜನವರಿ 12ರಂದು ದೇವಾಸದಲ್ಲಿಯೇ ಲಿಂಗೈಕ್ಯರಾದರು.